ಅಜ್ಜನ ಘಣ, ನನ್ನ ನಿಯಮ

ಸಮೀಕ್ಷಾ, ಪಾರ್ಶ್ವ,

ಹೋದ ರವಿವಾರ ಮಧ್ಯಾಹ್ನ ಜಿಟಿಜಿಟಿ ಮಳೆ ಹಿಡಿದಿತ್ತು. ಸಾಂಗಲಿಯ ಕಾಲೇಜಿಗೆ ಹೊರಡುವ ಮೊದಲು ಸಾಮಾನು ಹೊಂದಿಸುತ್ತಿದ್ದ ನೀನು, ಸಮೀಕ್ಷಾ, ಮಾಳಿಗೆಯ ಮೇಲಿಂದ ಒಂದು ರಟ್ಟಿನ ಪೆಟ್ಟಿಗೆ ಇಳಿಸಿದೆ. ಅದರೊಳಗಿದ್ದ ಆಟದ ಯಂತ್ರದ ರಿಮೋಟನ್ನು ತೆಗೆದು ನನ್ನ ಕೈಗೆ ಇಟ್ಟೆ. ನೀವು ಅದಕ್ಕೆ ಕಂಟ್ರೋಲರ್ ಎನ್ನುತ್ತೀರಿ. ನಿಮ್ಮ ಅಜ್ಜ ಕೊನೆಯವರೆಗೂ ರಿಮೋಟ್ ಎಂದೇ ಅಂದರು, ನಾನೂ ಹಾಗೆಯೇ ಬರೆಯುತ್ತೇನೆ. ಐದು ವರ್ಷ ಮುಚ್ಚಿಟ್ಟಿದ್ದರೂ ಅದಕ್ಕೆ ನೋವಿನ ಎಣ್ಣೆಯ ವಾಸನೆ ಇತ್ತು. ಅಜ್ಜನ ಬಲಗೈಗೆ ದಿನಾ ಎರಡು ಸಲ ನಾನೇ ತಿಕ್ಕುತ್ತಿದ್ದ ಎಣ್ಣೆ. ಆ ಎಣ್ಣೆಗೈಯಿಂದಲೇ ಅವರು ಅದನ್ನು ಹಿಡಿಯುತ್ತಿದ್ದರು.

ಆಮೇಲೆ ನೀವಿಬ್ಬರೂ ಟಿವಿ ಹಚ್ಚಿ ನನಗೇನನ್ನೋ ತೋರಿಸಿದಿರಿ. ಅದೇನೆಂಬುದನ್ನು ಕೊನೆಗೆ ಬರೆಯುತ್ತೇನೆ. "ಯಾಕ ಆಯಿ, ಏನಾತು?" ಎಂದು ನೀವು ಕೇಳಿದಾಗ ನಾನು ಉತ್ತರ ಕೊಡದೆ ಹಿತ್ತಲಿಗೆ ಎದ್ದುಹೋದೆ. ನಾಲ್ಕು ಮಂದಿಯ ಎದುರು ಹಾಗಿರಲಿ, ಮನಸ್ಸಿನಲ್ಲಿ ದೊಡ್ಡದೇನಾದರೂ ಇದ್ದರೆ ನಿಮ್ಮಿಬ್ಬರ ಎದುರಿಗೂ ನನಗೆ ಮಾತು ಹೊರಡುವುದಿಲ್ಲ. ಊರ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತದ್ದರಿಂದ ಬರೆಯಲಿಕ್ಕಾದರೂ ಬರುತ್ತದೆ. ಪಾರ್ಶ್ವನ ಹೋದ ವರ್ಷದ ನೋಟುಬುಕ್ಕಿನಲ್ಲಿ ಖಾಲಿ ಹಾಳೆ ಉಳಿದಿದ್ದವು. ಅವುಗಳಲ್ಲಿಯೇ ಬರೆಯುತ್ತಿದ್ದೇನೆ.

ಐದು ವರ್ಷದ ಹಿಂದಿನ ಮಳೆಗಾಲದ ಮಾತು. ಸಮೀಕ್ಷಾ ಆಗ ಎಂಟನೆಯ ಇಯತ್ತೆಯಲ್ಲಿದ್ದಳು. ಪಾರ್ಶ್ವ, ನೀನು ಎರಡನೆಯದರಲ್ಲಿದ್ದೆ, ನಿನಗೆ ಎಲ್ಲ ನೆನಪಿರಲಿಕ್ಕಿಲ್ಲ. ಆ ವರ್ಷ ಯುಗಾದಿ ಮುಗಿದ ವಾರಕ್ಕೆ ನಿಮ್ಮ ಅಜ್ಜನಿಗೆ ಲಕ್ವಾ ಹೊಡೆದಿತ್ತು. ಕಾಲು ತಿಂಗಳೊಪ್ಪತ್ತಿನಲ್ಲಿ ಬಂತು, ಮಾತೂ ಸ್ವಲ್ಪ ತಡವರಿಸುತ್ತ ಬಂತು. ಬಲಗೈ ಮಾತ್ರ ಬರಲಿಲ್ಲ. ಬೆರಳುಗಳು ಒಳಗೆ ಮಡಚಿಕೊಂಡು, ಯಾರದೋ ಕೈಯನ್ನು ತಂದು ಮಡಿಲಲ್ಲಿ ಇಟ್ಟುಕೊಂಡವರ ಹಾಗೆ ಕಟ್ಟೆಯ ಮೇಲೆ ಕೂತಿರುತ್ತಿದ್ದರು.

ಆ ಕೈ ಎಂಥದ್ದಿತ್ತು ಎಂದು ನಿಮಗೆ ತಿಳಿಯದು. ಅವರು ಸಕ್ಕರೆ ಕಾರ್ಖಾನೆಯ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ಕಬ್ಬಿನ ಹಂಗಾಮು ಮುಗಿದ ಮೇಲೆ ಗಾಣದ ದೊಡ್ಡ ರೋಲರುಗಳನ್ನು ಬಿಚ್ಚಿ ಮತ್ತೆ ಕೂಡಿಸುವುದು ಅವರ ಕೆಲಸ. ಕಚ್ಚಿಕೊಂಡು ಕೂತ ಕಬ್ಬಿಣವನ್ನು ಬಿಡಿಸಬೇಕಾದರೆ ಘಣ ಬೇಕು. ಘಣ ಎಂದರೆ ಎರಡೂ ಕೈಯಿಂದ ಎತ್ತುವ ದೊಡ್ಡ ಸುತ್ತಿಗೆ. ಹತ್ತು ಪೆಟ್ಟು ಹಾಕುವವರ ನಡುವೆ ನಿಮ್ಮ ಅಜ್ಜ ಎರಡು ಪೆಟ್ಟಿಗೆ ಬಿಡಿಸುತ್ತಾರೆ ಎಂದು ಜೊತೆಗಿದ್ದವರು ಮನೆಗೆ ಬಂದಾಗ ಹೇಳುತ್ತಿದ್ದರು. ಅಂಥವರಿಗೆ ರಾಯಬಾಗದ ವ್ಯಾಯಾಮದ ಡಾಕ್ಟರು ಒಂದು ರಬ್ಬರಿನ ಚೆಂಡು ಕೊಟ್ಟು, ದಿನಾ ನೂರು ಸಲ ಹಿಸುಕಿರಿ ಎಂದರು. ಅಜ್ಜ ಮನೆಗೆ ಬಂದು ಅದನ್ನು ಅಂಗಳಕ್ಕೆ ಒಗೆದರು. "ನಾ ಏನ್ ತೊಟ್ಟಲಾಗಿನ ಕೂಸೇನು?" ಎಂದರು. ಅದನ್ನು ಹೆಕ್ಕಿ ತರುವುದು ಪಾರ್ಶ್ವನ ಕೆಲಸವಾಯಿತು.

ಶಾಲೆ ಶುರುವಾಗುವ ಹೊತ್ತಿಗೆ ನಿಮ್ಮ ಸೋದರಮಾವ ಪುಣೆಯಿಂದ ಬಂದ. ತಾನು ಹೊಸದು ತೆಗೆದುಕೊಂಡೆನೆಂದು ಹಳೆಯ ಆಟದ ಯಂತ್ರವನ್ನು ಟಿವಿಗೆ ಜೋಡಿಸಿ ಕೊಟ್ಟುಹೋದ. ಅದರಲ್ಲಿ ಇದ್ದದ್ದು ಒಂದೇ ಆಟ. ಬೇಟೆಗಾರರು ಕಾಡಿಗೆ ಹೋಗಿ ಗುಡ್ಡದಂಥ ಪ್ರಾಣಿಗಳ ಬೆನ್ನು ಹತ್ತುವುದು, ಬಡಿದಾಡುವುದು. ನನಗೆ ಮೊದಲ ದಿನವೇ ಮೈ ಜುಮ್ಮೆಂದಿತು. ನಮ್ಮದು ಜೈನರ ಮನೆ. ನೀರನ್ನು ಬಟ್ಟೆಯಿಂದ ಸೋಸಿ ಕುಡಿಯುವವರು, ಹೊತ್ತು ಮುಳುಗಿದ ಮೇಲೆ ಉಣ್ಣದವರು. ಹಿಟ್ಟಿನಲ್ಲಿ ಪ್ರಾಣಿಯ ಗೊಂಬೆ ಮಾಡಿ ಕಡಿದರೂ, ಕಡಿಯಬೇಕೆಂಬ ಸಂಕಲ್ಪಕ್ಕೆ ಪಾಪ ತಗಲುತ್ತದೆ ಎಂದು ಕೇಳುತ್ತ ಬೆಳೆದವಳು ನಾನು. ಟಿವಿಯ ಪ್ರಾಣಿ ಹಿಟ್ಟಿನ ಪ್ರಾಣಿಗಿಂತ ಬೇರೆಯೇ? ನಿಮಗೆ ಬೈಯಲು ಬಾಯಿ ಬರಲಿಲ್ಲ. ಟಿವಿಗೆ ಬೆನ್ನು ಮಾಡಿ ಕೂಡತೊಡಗಿದೆ.

ಬೆನ್ನು ಮಾಡಬಹುದು, ಕಿವಿಯನ್ನು ಏನು ಮಾಡುವುದು? ಅಡಿಗೆಮನೆಯ ಹೊಸ್ತಿಲಲ್ಲಿ ಜೋಳ ಹಸನು ಮಾಡುತ್ತ ಕೂತಾಗ ಎಲ್ಲ ಕೇಳುತ್ತಿತ್ತು. ಒಂದು ದಿನ ಅಜ್ಜ ಮಂಚದ ಮೇಲಿಂದಲೇ ನಕ್ಕರು. ಲಕ್ವಾ ಹೊಡೆದ ಮೇಲೆ ಅವರು ನಕ್ಕದ್ದು ಅದೇ ಮೊದಲು.

"ಏ ಸಮಿ, ಏನ್ ಬೇ ಅದು? ಅಷ್ಟ ದೊಡ್ಡ ಕತ್ತಿ ಹಿಡಕೊಂಡು ನೊಣಾ ಹೊಡ್ಯಾಕತ್ತಿಯೇನ?"

"ಅದು ನಿಂದ್ರೂದ ಇಲ್ಲಜ್ಜಾ! ನಾ ಎತ್ತೂದರಾಗ ಓಡಿಹೋಗಿರ್ತೈತಿ."

"ಅದು ಇದ್ದಲ್ಲೆ ಹೊಡದ್ರ ಹೆಂಗ ಸಿಗ್ತೈತಿ? ಬರೂವಲ್ಲೆ ಹೊಡಿಬೇಕು. ಭಾರದ್ದು ಎತ್ತಿದ ಮ್ಯಾಲ ಅದು ನಿನ್ನ ಮಾತ ಕೇಳೂದಿಲ್ಲ. ವಿಚಾರ ಎಲ್ಲಾ ಎತ್ತೂಕಿಂತ ಮೊದಲ ಮಾಡಬೇಕು."

"ಹೇಳೂದು ಭಾಳ ಸಸಾರ ಐತಿ. ನೀನ ಹೊಡದ ತೋರಸು ಬಾ."

ಸಮೀಕ್ಷಾ, ನೀನು ಎದ್ದು ಹೋಗಿ ರಿಮೋಟನ್ನು ಅವರ ಎರಡೂ ಕೈಗೆ ಇಟ್ಟೆ. ಮಡಚಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಅದರ ಸುತ್ತ ಕೂಡಿಸಿದೆ. ಅಜ್ಜ ಕತ್ತಿ ಬೇಡವೆಂದು, ಅಲ್ಲಿದ್ದ ಆಯುಧಗಳಲ್ಲೆಲ್ಲ ಹುಡುಕಿ ಘಣ ತೆಗೆದುಕೊಂಡರು. ಬಲಗೈಯ ತೋರುಬೆರಳಿನಿಂದ ಹಿಂದಿನ ಗುಂಡಿಯನ್ನು ಒತ್ತಿ ಹಿಡಿದರೆ ಘಣದಲ್ಲಿ ಜೋರು ತುಂಬುತ್ತ ಹೋಗುತ್ತದೆ, ಬಿಟ್ಟರೆ ಪೆಟ್ಟು ಬೀಳುತ್ತದೆ ಎಂದು ನೀನು ಹೇಳಿಕೊಟ್ಟೆ. ಒತ್ತಿ ಹಿಡಿಯುವುದು, ಬಿಡುವುದು. ರಬ್ಬರಿನ ಚೆಂಡು ಕೇಳಿದ್ದೂ ಅದನ್ನೇ ಅಲ್ಲವೇ? ಈಗ ಬರೆಯುವಾಗ ಕಾಣುತ್ತದೆ. ಆಗ ಹೊಸ್ತಿಲಲ್ಲಿ ಕೂತವಳಿಗೆ ಕಾಣಲಿಲ್ಲ.

ಮೊದಲ ವಾರ ಅವರ ಬೇಟೆಗಾರ ಹೋದಲ್ಲೆಲ್ಲ ಬಿದ್ದು ಬಂದ. ಪಾರ್ಶ್ವ ಎಣಿಸುತ್ತಿದ್ದ, "ಅಜ್ಜ ಮತ್ತ ಸತ್ತ!" ಎಂದು ಓಣಿಗೆ ಕೇಳುವ ಹಾಗೆ ಕೂಗುತ್ತಿದ್ದ. ನಾನು ಒಳಗಿನಿಂದ "ಬಿಡ್ತು ಅನ್ನೋ" ಎಂದು ಗದರುತ್ತಿದ್ದೆ. ಇನ್ನೊಂದು ದಿನ, ಘಣಕ್ಕೆ ಸಾಣೆ ಹಿಡಿಯಬೇಕು ಎಂದು ಸಮೀಕ್ಷಾ ಹೇಳಿದ್ದಕ್ಕೆ ಅಜ್ಜ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಘಣಕ್ಕ ಸಾಣಿ ಹಿಡೀತಾರೇನಲೇ? ಈ ಆಟ ಮಾಡಿದಾಂವ ಜಲ್ಮದಾಗ ಒಂದ ಗೂಟಾ ಸೈತ ಬಡದಿಲ್ಲ ನೋಡು!"

ಆಷಾಢದ ಹೊತ್ತಿಗೆ ಅವರಿಗೆ ಆಟದ ದಾರಿ ಹತ್ತಿತು. ಅಲ್ಲಿ ಬರಿಯ ಆಯುಧ ಸಾಲದು. ತಲೆಗೆ, ಎದೆಗೆ, ಕೈಗೆ, ನಡುವಿಗೆ, ಕಾಲಿಗೆ ಬೇರೆ ಬೇರೆ ಕವಚ. ಒಂದೊಂದು ಕವಚಕ್ಕೂ ಒಂದೊಂದು ಗುಣ. ಕೆಲವು ಕವಚಗಳಲ್ಲಿ ತೂತು ಇರುತ್ತವೆ, ಅವುಗಳಲ್ಲಿ ಹರಳು ಕೂಡಿಸಿದರೆ ಗುಣ ಹೆಚ್ಚುತ್ತದೆ. ಯಾವ ಹರಳು ಎಲ್ಲಿ ಎಂಬುದರ ಮೇಲೆ ಅಜ್ಜ ಮೊಮ್ಮಗಳ ವಾದ ನಡೆಯುತ್ತಿತ್ತು. ಹೊರಗೆ ಮಳೆ, ಒಳಗೆ ಇವರ ಪಂಚಾಯ್ತಿ.

"ಅಜ್ಜಾ, ಇದನ್ನ ಹಾಕಿದ್ರ ಪೆಟ್ಟು ಜೋರ ಬೀಳ್ತೈತಿ. ಮೂರೂ ತೂತಿಗೆ ಇದನ್ನ ಹಾಕೂಣು."

"ಜೋರು ಘಣಕ್ಕ ಮೊದಲ ಐತಿ. ತುಪ್ಪದ ಮ್ಯಾಲ ಬೆಣ್ಣಿ ಯಾಕ ಹಚ್ಚತಿ? ಆ ಪ್ರಾಣಿ ಚೀರಿದಾಗ ನಮ್ಮಾಂವ ಕಿವಿ ಮುಚ್ಕೊಂಡು ಕುಂದರ್ತಾನಲ್ಲ, ಅದಕ್ಕೇನರೆ ಐತೇನ ನೋಡು."

"ಐತಿ. ಆದ್ರ ಅದನ್ನ ಯಾರೂ ಹಾಕೂದಿಲ್ಲ. ಮಾವ ಸೈತ ಹಾಕೂದಿಲ್ಲ."

"ನಿಮ್ಮ ಮಾವ ಗಾಣದ ಬಾಜೂಕ ನಿಂತಾನೇನ? ಎತ್ತಿದಾಗ ಸಪ್ಪಳಕ್ಕ ಬೆಚ್ಚಿದ್ರ ಎತ್ತಿದ್ದೆಲ್ಲಾ ಹಾಳು. ಮೊದಲ ಕಿವಿಗೆ ಹತ್ತಿ. ಆಮ್ಯಾಲ ಉಸರು. ಆಮ್ಯಾಲ ಕಾಲು. ಜೋರು ಕಡೀಕ."

ಘಣದಲ್ಲಿ ಜೋರು ತುಂಬುವಾಗ ಬೇಟೆಗಾರನ ಉಸಿರು ಖರ್ಚಾಗುತ್ತದೆಯಂತೆ, ಉಸಿರು ಮುಗಿದರೆ ಕೈ ಕೆಳಗೆ ಬೀಳುತ್ತದೆಯಂತೆ. ಅದಕ್ಕೆ ಉಸಿರು ಉಳಿಸುವ ಹರಳು ಒಂದನ್ನು ಹಾಕಿಸಿದರು. ಇನ್ನೊಂದು ತೂತಿಗೆ ಜೋರು ಲಗು, ಎಂದರೆ ಬೇಗ, ತುಂಬುವ ಹರಳು. ಅದನ್ನು ಹಾಕುವಾಗ ಅವರ ದನಿ ಸಣ್ಣದಾಯಿತು. "ಅದೊಂದು ಇರ್ಲಿ ಸಮಿ. ನನ್ನ ಬೆರಳು ಭಾಳ ಹೊತ್ತು ಒತ್ತಿ ಹಿಡ್ಯಾಕ ತಡೆಯೂದಿಲ್ಲ."

ನಾನು ಆಟದ ಕೊನೆಯನ್ನು ಎಂದೂ ಕೇಳಲಿಲ್ಲ. ಪೆಟ್ಟು ತಿಂದು ತಿಂದು ಪ್ರಾಣಿ ಸೋತಾಗ ಕುಂಟತೊಡಗುತ್ತದೆ, ನರಳುತ್ತದೆ. ಆ ನರಳಿಕೆ ಕೇಳಿದ ಕೂಡಲೇ ಮೊರವನ್ನು ಅಲ್ಲೇ ಬಿಟ್ಟು ಹಿತ್ತಲಿಗೆ ಹೋಗಿಬಿಡುತ್ತಿದ್ದೆ. ಮಳೆ ಇದ್ದರೆ ಕೊಟ್ಟಿಗೆಯ ಮಾಡಿನ ಕೆಳಗೆ ನಿಲ್ಲುತ್ತಿದ್ದೆ. ಮುಂದೆ ಏನಾಗುತ್ತದೆ ಎಂಬುದು ನನಗೆ ಗೊತ್ತೇ ಇದೆ ಎಂದುಕೊಂಡಿದ್ದೆ.

ಶ್ರಾವಣದಲ್ಲಿ ಕೃಷ್ಣೆ ಏರಿದಳು. ಕುಡಚಿಯ ಸೇತುವೆ ಮುಳುಗಿತು. ಹೊಳೆ ದಾಟಿ ರಾಯಬಾಗಕ್ಕೆ ಹೋಗುವುದು ನಿಂತೇಹೋಯಿತು. ಡಾಕ್ಟರ ಹತ್ತಿರ ಹೋಗದೆ ಮೂರು ವಾರಗಳಾದವು. ನಿಮ್ಮ ಶಾಲೆಗೂ ರಜೆ. ನಿಮ್ಮ ಅಪ್ಪ ದಿನಾ ಹೊಳೆಯ ದಂಡೆಯವರೆಗೆ ಹೋಗಿ ನೀರು ನೋಡಿ ಬರುತ್ತಿದ್ದ. ನನಗೆ ಕೈಯದೇ ಚಿಂತೆ. ದಿನಾ ಬೆಳಿಗ್ಗೆ ಬಸದಿಗೆ ಹೋಗಿ, ಭಗವಂತನ ಅಭಿಷೇಕದ ಗಂಧೋದಕವನ್ನು ಸಣ್ಣ ತಂಬಿಗೆಯಲ್ಲಿ ತಂದು, ಅವರ ಬೆರಳು ಬೆರಳಿಗೆ ಹಚ್ಚುತ್ತಿದ್ದೆ. ಅವರು ಸುಮ್ಮನೆ ಕೈ ಚಾಚುತ್ತಿದ್ದರು. ನಾನು ಹಚ್ಚಿ ಮುಗಿಸಿದ ಮೇಲೆ ಆ ಕೈಯನ್ನು ಹಣೆಗೆ ಮುಟ್ಟಿಸಿಕೊಳ್ಳುತ್ತಿದ್ದರು.

ಒಂದು ದಿನ ಬಸದಿಯಿಂದ ಬಂದು ನೋಡಿದರೆ ಅಜ್ಜ ಅಂಗಿ ಹಾಕಿಕೊಂಡು ಕೂತಿದ್ದರು. ಗುಂಡಿಗಳೆಲ್ಲ ಕೂಡಿದ್ದವು. ಒಂದು ಮಾತ್ರ ಮೇಲೆ ಕೆಳಗಾಗಿತ್ತು.

"ಯಾರು ಹಾಕಿದರ್ರಿ?" ಎಂದೆ.

"ನಾನ."

ನನಗೆ ಕೂತಲ್ಲಿಯೇ ಅಳು ಬಂತು. ಗಂಧೋದಕ ಫಲ ಕೊಟ್ಟಿತು ಎಂದು ಬಸದಿಯ ದಿಕ್ಕಿಗೆ ಕೈ ಮುಗಿದೆ. ಅದೇ ದಿನ ಮಧ್ಯಾಹ್ನ ಹೊಸ್ತಿಲಲ್ಲಿ ಕೂತಾಗ ಅವರು ಸಮೀಕ್ಷಾಳಿಗೆ ಹೇಳಿದ್ದನ್ನು ಈ ಕಿವಿಯಿಂದಲೇ ಕೇಳಿದೆ: "ಆ ಲಗು ತುಂಬೂ ಹರಳ ತಗದಬಿಡು ಇನ್ನ. ಬೇಕಾಗೂದಿಲ್ಲ. ಬೆರಳು ತಡೀತೈತಿ." ಕೇಳಿದೆ, ಆದರೆ ಜೋಳದೊಳಗಿನ ಹರಳು ಆರಿಸುವುದೇ ದೊಡ್ಡ ಕೆಲಸವೆಂಬಂತೆ ತಲೆ ಬಗ್ಗಿಸಿಯೇ ಇದ್ದೆ.

ನೀರು ಇಳಿದ ಮೇಲೆ ರಾಯಬಾಗಕ್ಕೆ ಹೋದೆವು. ಅಜ್ಜ ಮತ್ತು ನಿಮ್ಮ ಅಪ್ಪ ಒಳಗೆ ಹೋದರು, ನಾನು ಸೆರಗು ಎಳೆದುಕೊಂಡು ಹೊರಗಿನ ಬೆಂಚಿನ ಮೇಲೆ ಕೂತೆ. ಒಳಗೆ ಡಾಕ್ಟರು ನಗುವುದು ಕೇಳಿಸಿತು. ಹೊರಗೆ ಬಂದ ನಿಮ್ಮ ಅಪ್ಪ, "ಅವ್ವಾ, ಕೈ ಭಾಳ ಸುಧಾರಿಸೈತಂತ. ಈಗ ಏನ್ ಮಾಡಾಕತ್ತೀರಿ ಅದನ್ನ ಬಿಡಬ್ಯಾಡ್ರಿ ಅಂದ್ರು," ಎಂದ. ಏನನ್ನು ಬಿಡಬಾರದು ಎಂದು ನಾನು ಕೇಳಲಿಲ್ಲ. ನನ್ನ ಮನಸ್ಸಿನಲ್ಲಿ ಉತ್ತರ ಇತ್ತು.

ಆ ವರ್ಷ ನಮ್ಮ ಊರ ಬಸದಿಯಲ್ಲಿ ಒಬ್ಬ ಸಾಧ್ವಿ ಮಾತಾಜಿಯವರ ಚಾತುರ್ಮಾಸವಿತ್ತು. ಭಾದ್ರಪದದಲ್ಲಿ ದಶಲಕ್ಷಣ ಪರ್ವ ಬಂತು. ಅದರ ಎಂಟನೆಯ ದಿನ ಉತ್ತಮ ತ್ಯಾಗದ ದಿನ. ಅಂದು ಪ್ರವಚನದ ಕೊನೆಗೆ ಒಬ್ಬೊಬ್ಬರೂ ಏನಾದರೊಂದನ್ನು ಬಿಡುವ ನಿಯಮ ತೆಗೆದುಕೊಳ್ಳುವ ರೂಢಿ.

ನಾನು ಮಡಿಸೀರೆ ಉಟ್ಟು ಹೊರಟಿದ್ದೆ. ಅಜ್ಜ ಪಡಸಾಲೆಯಿಂದ ನಿಮ್ಮ ಅಪ್ಪನ ಹೆಸರು ಹಿಡಿದು ಕರೆದರು.

"ಏ ಭರತನವ್ವಾ, ಇವತ್ತೊಂದ ದಿನ ಲಗೂನ ಬಾ. ಟಿವಿ ಮುಂದ ಒಂದ್ ತಾಸು ನನ್ನ ಬಾಜೂಕ ಕೂಡು."

"ನಾ ಯಾಕ್ರಿ? ನಂಗ ಅದು ನೋಡಾಕ ಆಗೂದಿಲ್ಲ."

"ನೋಡಾಕ ಆಗೂವಂಗ ಮಾಡೇನಿ. ಇವತ್ತ ಎಲ್ಲಾಕ್ಕಿಂತ ದೊಡ್ಡದಕ್ಕ ಹೋಗಾಂವ ಅದೀನಿ. ನೀ ಕಡೀತನಕ ಕುಂದರಬೇಕು. ನಡುವ ಎದ್ದು ಹೋಗಬಾರ್ದು."

ಸಮೀಕ್ಷಾ, ನೀನು ಅವರ ಹಿಂದೆ ನಿಂತು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದೆ. ಇಬ್ಬರೂ ಏನೋ ಮುಚ್ಚಿಟ್ಟುಕೊಂಡಿದ್ದೀರಿ ಎಂದು ಗೊತ್ತಾಯಿತು. "ನೋಡೂಣ್ರಿ" ಎಂದಷ್ಟೇ ಅಂದು ಬಸದಿಗೆ ಹೋದೆ. ದಾರಿಯುದ್ದಕ್ಕೂ ಒಂದೇ ಯೋಚನೆ. ಕೈ ಅರ್ಧ ಬಂದಿದೆ, ಪೂರ್ತಿ ಬರಬೇಕು. ಭಗವಂತ ಕೊಡುವಾಗ, ಪರ್ವದ ದಿನವೂ ಮನೆಯಲ್ಲಿ ಹೊಡಿ ಬಡಿ ಎಂದರೆ, ಕೊಟ್ಟದ್ದು ನಿಂತೀತೇ?

ಪ್ರವಚನ ಮುಗಿಯಿತು. ಒಬ್ಬಳು ಸಿಹಿ ಬಿಟ್ಟಳು, ಒಬ್ಬಳು ಧಾರಾವಾಹಿ ನೋಡುವುದನ್ನು ಬಿಟ್ಟಳು. ಹುಟ್ಟಿದಂದಿನಿಂದ ಮಂದಿಯ ನಡುವೆ ಎದ್ದು ನಿಂತು ಒಂದು ಮಾತು ಆಡದ ನಾನು ಎದ್ದು ನಿಂತೆ.

"ನಮ್ಮ ಮನ್ಯಾಗ, ಟಿವ್ಯಾಗ ಪ್ರಾಣಿ ಹೊಡಿಯೂ ಆಟ ಆಡ್ತಾರ್ರಿ. ದೀಪಾವಳಿತನ ಅದನ್ನ ಎಲ್ಲಾರೂ ಬಿಡ್ತೀವ್ರಿ, ಮಾತಾಜಿ. ನಮ್ಮ ಮನಿಯವರ ಕೈ..."

ಅಷ್ಟಕ್ಕೇ ಮಾತು ನಿಂತಿತು. ಅವರ ಕೈ ಪೂರ್ತಿ ಬರಲೆಂದು ಬಿಡುತ್ತೇವೆ ಎಂದು ಹೇಳುವುದಿತ್ತು. ಎಲ್ಲರೂ ತಿರುಗಿ ನನ್ನನ್ನೇ ನೋಡುತ್ತಿದ್ದರು. ಕೂತುಬಿಟ್ಟೆ. ಮಾತಾಜಿ ಕೈ ಎತ್ತಿ ಆಶೀರ್ವಾದ ಮಾಡಿದರು. ಹೊರಗೆ ಬರುವಾಗ ಮೂವರು ಹೆಂಗಸರು, "ಭಾಳ ಚಲೋ ನಿಯಮ ತಗೊಂಡ್ರಿ," ಎಂದರು.

ಮನೆಗೆ ಬಂದಾಗ ಟಿವಿ ಹಚ್ಚಿತ್ತು. ಮಂಚದ ಮೇಲೆ ಅಜ್ಜನ ಪಕ್ಕದಲ್ಲಿ ನನಗೆಂದು ತಲೆದಿಂಬು ಇಟ್ಟು ಜಾಗ ಮಾಡಿದ್ದರು. ನಾನು ನಿಂತುಕೊಂಡೇ ನಿಯಮದ ಮಾತು ಹೇಳಿದೆ. ಅಜ್ಜ ಕೈಯಲ್ಲಿನ ರಿಮೋಟನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಎಲ್ಲಾರ ಮುಂದ ಎದ್ದ ನಿಂತ ಹೇಳಿದಿ? ನೀನು?"

"ಹೌದ್ರಿ."

ಅವರ ಮುಖ ಅರಳಿತು. ಸುಳ್ಳು ಹೇಳುವುದಿಲ್ಲ, ನಿಜವಾಗಿಯೂ ಅರಳಿತು. "ಏ ಸಮಿ, ಕೇಳಿದಿಯಿಲ್ಲ? ನಿಮ್ಮ ಆಯಿ ಸಭಾದಾಗ ಮಾತಾಡಿ ಬಂದಾಳ!" ಎಂದರು. ರಿಮೋಟನ್ನು ಸಮೀಕ್ಷಾಳ ಕೈಗೆ ಕೊಟ್ಟು, "ಬಂದ್ ಮಾಡವ್ವಾ," ಎಂದರು.

ನೀನು ಬಂದ್ ಮಾಡಲಿಲ್ಲ. "ಇವತ್ತೊಂದ ದಿನ ಆಡಲಿ ಆಯಿ. ನೀ ಒಮ್ಮೆರೆ ನೋಡಿಯೇನ ಅಜ್ಜ ಹೆಂಗ..." ಎನ್ನುವಷ್ಟರಲ್ಲಿ ಅಜ್ಜ "ಸಮೀ" ಎಂದು ತಡೆದರು. ನೀನು ಅಳುತ್ತ ಹೇಳಿದೆ: "ಅಜ್ಜನ ಕೈ ಇದರಿಂದನ ಬಂದೈತಿ. ಡಾಕ್ಟರ್ ಹೇಳ್ಯಾರ. ಅಪ್ಪನ ಕೇಳು." ನನಗೆ ಸಿಟ್ಟು ಬಂತು. ಭಗವಂತ ಕೊಟ್ಟದ್ದನ್ನು ಆಟಕ್ಕೆ ಹಚ್ಚುತ್ತಾಳಲ್ಲ ಎಂದು ಸಿಟ್ಟು. "ಸಾಕ, ಬಾಯಿ ಮುಚ್ಚು" ಎಂದೆ. ನಿನಗೆ ನಾನು ಬಾಯಿ ಮುಚ್ಚು ಎಂದದ್ದು ಅದೊಂದೇ ಸಲ. ಬಸದಿಯಲ್ಲಿ ಹೊರಡದ ದನಿ ಮನೆಯಲ್ಲಿ ಹದಿಮೂರು ವರ್ಷದ ಹುಡುಗಿಯ ಮೇಲೆ ಹೊರಟಿತು. ಐದು ವರ್ಷ ತಡವಾಗಿ ಕೇಳುತ್ತಿದ್ದೇನೆ ಸಮೀ, ಅದನ್ನು ಮರೆತುಬಿಡು. ನೀನು ಹೇಳಿದ್ದೇ ನಿಜವಿತ್ತು.

ಆ ಸಂಜೆ ನಿಮ್ಮ ಅಪ್ಪನನ್ನು ಕೇಳಿದೆ. ಹೌದು ಎಂದ. ಡಾಕ್ಟರು ಬಿಡಬೇಡಿ ಎಂದದ್ದು ಆಟವನ್ನೇ. ಮರುದಿನ ಬಸದಿಗೆ ಹೋಗಿ ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಹೋದೆ. ಮಾತಾಜಿಯವರ ಸುತ್ತ ಹತ್ತು ಹದಿನೈದು ಹೆಂಗಸರು. ನಮಸ್ಕಾರ ಮಾಡಿ, ಕಂಬದ ಹತ್ತಿರ ಕೂತು, ಎದ್ದು ಬಂದೆ. ಅದರ ಮರುದಿನವೂ ಹಾಗೆಯೇ. ನಿನ್ನೆ ತೆಗೆದುಕೊಂಡ ನಿಯಮ ಇವತ್ತು ಬಿಡಲು ಬಂದಳು ಎಂದು ಆ ಮೂವರು ಅಂದರೆ? ಎತ್ತಿದ ಮೇಲೆ ಮಾತು ಕೇಳದು ಎಂದು ಅಜ್ಜ ಹೇಳಿದ್ದರಲ್ಲ. ನಾನು ಎತ್ತಿದ್ದೂ ಅಂಥದ್ದೇ.

ರಬ್ಬರಿನ ಚೆಂಡನ್ನು ತೊಳೆದು ಅವರ ಕೈಗೆ ಕೊಟ್ಟೆ. ನನ್ನ ಸಮಾಧಾನಕ್ಕೆ ಹತ್ತು ಸಲ ಹಿಸುಕಿ ಪಕ್ಕಕ್ಕೆ ಇಡುತ್ತಿದ್ದರು. ಆಶ್ವೀಜದಲ್ಲಿ ಮಳೆ ಹಿಂದೆ ಸರಿಯಿತು, ಕಬ್ಬಿನ ಗಾಡಿಗಳು ಓಡಾಡತೊಡಗಿದವು. ಅಂಗಿಯ ಗುಂಡಿಗಳು ಒಂದೊಂದಾಗಿ ಬಿಟ್ಟುಹೋದವು. ಮೊದಲು ಕೊರಳಿನದು, ಆಮೇಲೆ ಎದೆಯದು. ಕೊನೆಗೆ ನಾನೇ ಹಾಕಿ ಕೊಡತೊಡಗಿದೆ. ಅವರು ಒಂದು ದಿನವೂ ಆಟದ ಮಾತು ಎತ್ತಲಿಲ್ಲ. ಯಾರಾದರೂ ಮನೆಗೆ ಬಂದರೆ, "ನಮ್ಮಾಕಿ ಸಭಾದಾಗ ಮಾತಾಡಿದ್ದು ಕೇಳೀರೇನು?" ಎಂದು ಹೇಳುತ್ತಿದ್ದರು. ಆಗ ನನಗೆ ನೆಲ ಬಾಯಿ ಬಿಡಬಾರದೇ ಅನಿಸುತ್ತಿತ್ತು.

ದೀಪಾವಳಿಯ ಮರುದಿನ ನಿಯಮ ಮುಗಿಯಿತು. ನಾನೇ ಟಿವಿಯ ಮೇಲಿನ ಬಟ್ಟೆ ತೆಗೆದೆ. ನಾನೇ ಮಂಚದ ಮೇಲೆ ತಲೆದಿಂಬು ಇಟ್ಟು ಅಜ್ಜನ ಪಕ್ಕದಲ್ಲಿ ಕೂತೆ, ಕೊನೆಯವರೆಗೆ ಏಳುವುದಿಲ್ಲ ಎಂದೆ. ಅಜ್ಜ ರಿಮೋಟ್ ಹಿಡಿದರು. ತೋರುಬೆರಳು ಗುಂಡಿಯ ಮೇಲೆ ಕೂತಿತು, ಆದರೆ ಒತ್ತಲಿಲ್ಲ.

"ಸಮಿ, ಆ ಲಗು ತುಂಬೂ ಹರಳ ಇತ್ತಲ್ಲ, ಮತ್ತ ಹಾಕ ನೋಡು."

ನೀನು ಕಣ್ಣು ಒರೆಸಿಕೊಳ್ಳುತ್ತ ಹಾಕಿದೆ. ಮತ್ತೆ ಪ್ರಯತ್ನಿಸಿದರು. ಬೇಟೆಗಾರ ಘಣ ಹೊತ್ತುಕೊಂಡು ನಿಂತೇ ಇದ್ದ. ದೂರದಿಂದ ಪ್ರಾಣಿ ಓಡಿಬಂದು ಅವನನ್ನು ಕೆಡವಿತು. ಪಾರ್ಶ್ವ ಈ ಸಲ ಕೂಗಲಿಲ್ಲ. ಅಜ್ಜ ರಿಮೋಟನ್ನು ಮೊದಲಿನಂತೆ ಸಮೀಕ್ಷಾಳ ಕೈಗೆ ಕೊಟ್ಟು, "ಆ ಹರಳ ತಗದಿಟ್ಟು, ಮೊದಲಿಂದು ಹಾಕಿಡು ಬೇ. ಹೆಂಗಿತ್ತ ಹಂಗ ಇರ್ಲಿ," ಎಂದರು. ಏನು ಮೊದಲಿನದು ಎಂದು ಆಗಲೂ ನಾನು ಕೇಳಲಿಲ್ಲ.

ಸಂಕ್ರಾಂತಿಗೆ ನಾಲ್ಕು ದಿನ ಇರುವಾಗ ಇನ್ನೊಮ್ಮೆ ಲಕ್ವಾ ಬಂತು. ಅಥಣಿಯ ದವಾಖಾನೆ ಮುಟ್ಟುವ ಮೊದಲೇ ಹೋದರು. ಆಟ ನಿಂತದ್ದರಿಂದ ಹೋದರು ಎಂದು ನಾನು ಹೇಳುವುದಿಲ್ಲ. ಹೋಗುವುದು ಯಾರ ಕೈಯಲ್ಲಿಯೂ ಇಲ್ಲ. ಆದರೆ ಅವರ ಕೊನೆಯ ನಾಲ್ಕು ತಿಂಗಳಲ್ಲಿ ಅವರ ಕೈ ಅವರದಾಗಿರಬಹುದಿತ್ತು. ಅದು ನನ್ನ ಕೈಯಲ್ಲಿತ್ತು.

ಮುಂದಿನ ವರ್ಷ ಅದೇ ಮಾತಾಜಿಯವರ ಚಾತುರ್ಮಾಸ ಚಿಕ್ಕೋಡಿಯ ಕಡೆಯ ಒಂದು ಊರಲ್ಲಿತ್ತು. ಊರ ಹೆಂಗಸರ ಜೊತೆ ದರ್ಶನಕ್ಕೆ ಹೋದೆ. ಎಲ್ಲರೂ ಊಟಕ್ಕೆ ಎದ್ದಾಗ ನಾನೊಬ್ಬಳೇ ಉಳಿದು ಎಲ್ಲ ಹೇಳಿದೆ. ಅವರು ಕಣ್ಣು ಮುಚ್ಚಿ ಕೇಳಿದರು.

"ನಿಯಮ ಒಬ್ಬರಿಗೋಸ್ಕರ ಇನ್ನೊಬ್ಬರು ತಗೋಳೂದಲ್ಲಮ್ಮಾ. ಮತ್ತ ರೋಗಕ್ಕ, ಔಷಧಕ್ಕ ಯಾವತ್ತೂ ಸಡಿಲಿಕೆ ಐತಿ. ಅವತ್ತ ಒಂದು ಮಾತು ಕೇಳಿದ್ದರ ನಾನ ಹೇಳ್ತಿದ್ದೆ."

"ಕೇಳಾಕ ನಾಚಿಕಿ ಬಂತ್ರಿ."

"ನೀವು ಅರ್ಧ ಮಾತಿಗೆ ಕೂತ್ರಿ. ಉಳಿದ ಅರ್ಧ ಏನಂತ ನಾನೂ ಕೇಳಲಿಲ್ಲ," ಎಂದರು. ಅವರನ್ನು ದೂಷಿಸಬೇಡಿ. ಸತ್ಯ ಹೇಳಿದರು, ತಮ್ಮ ಪಾಲಿನದನ್ನೂ ಹೇಳಿದರು.

ಇಷ್ಟೇ ಆಗಿದ್ದರೆ ನಾನು ಬರೆಯುತ್ತಿರಲಿಲ್ಲ. ಇದನ್ನು ಹೊತ್ತುಕೊಂಡು ಐದು ವರ್ಷ ನಡೆದಿದ್ದೆ, ಮುಂದೆಯೂ ನಡೆಯುತ್ತಿದ್ದೆ. ಆದರೆ ಹೋದ ರವಿವಾರ ಟಿವಿಯಲ್ಲಿ ಅಜ್ಜನ ಬೇಟೆಗಾರ ಮತ್ತೆ ಬಂದು ನಿಂತ. ದೀಪಾವಳಿಯ ಮರುದಿನ ನನ್ನ ಕಣ್ಣೆಲ್ಲ ಅಜ್ಜನ ಬೆರಳಿನ ಮೇಲಿತ್ತು; ಜೀವಮಾನದಲ್ಲಿ ಮೊದಲ ಸಲ ನಾನು ಅವನನ್ನು ಕಣ್ಣು ತುಂಬ ನೋಡಿದೆ. ಸಮೀಕ್ಷಾ, ನೀನು ಒಂದೊಂದಾಗಿ ತೋರಿಸಿದೆ.

"ಈ ಆಟದಾಗ ಚಲೋ ಕವಚ ಎಲ್ಲಾ ಪ್ರಾಣಿ ತೊಗಲು, ಎಲುಬಿಂದ ಮಾಡ್ತಾರ ಆಯಿ. ಅಜ್ಜ ಒಂದೂ ಮುಟ್ಟಲಿಲ್ಲ. ನೆಲಾ ಅಗದು ತಗದ ಕಬ್ಬಿಣದ್ದ ಬೇಕಂದ. ಇದರಾಗ ಗುಣ ಕಡಿಮಿ ಐತಿ ಅಂದ್ರ, 'ಇರ್ಲಿ ಬಿಡು, ನಮ್ಮ ಮನ್ಯಾಗ ತೊಗಲಿನ ಪಾಕೀಟ ಸೈತ ಇಲ್ಲ' ಅಂದ. ಕತ್ತಿ ಯಾಕ ಬ್ಯಾಡಂದ ಗೊತ್ತೇನ? ಕಡದ್ರ ನಿಮ್ಮ ಆಯಿಗೆ ನೋಡಾಕ ಆಗೂದಿಲ್ಲ, ಘಣ ಆದ್ರ ತೆಲಿಗೆ ಬಡದ ಮೂರ್ಛೆ ಕೆಡವಬಹುದು ಅಂದ."

ಆಮೇಲೆ ಆ ತೂತು ತೋರಿಸಿದೆ. ಲಗು ತುಂಬುವ ಹರಳು ತೆಗೆದ ಜಾಗದಲ್ಲಿ ಬೇರೊಂದು ಹರಳು ಇತ್ತು. ಬಲೆಯನ್ನು ಬೇಗ ಹರಡುವ ಹರಳಂತೆ ಅದು. ಪ್ರಾಣಿ ಸೋತು ಕುಂಟತೊಡಗಿದಾಗ, ನರಳತೊಡಗಿದಾಗ, ಅದರ ದಾರಿಯಲ್ಲಿ ಬಲೆ ಹಾಸಿ, ನಿದ್ದೆಯ ಮದ್ದು ಎಸೆದು, ಕೊಲ್ಲದೆ ಹಿಡಿಯಬಹುದಂತೆ. ಸರಿಯಾಗಿ ಆ ಹೊತ್ತಿಗೇ ನಾನು ದಿನಾ ಹಿತ್ತಲಿಗೆ ಎದ್ದುಹೋಗುತ್ತಿದ್ದದ್ದು.

ಕೊನೆಗೆ ಒಂದು ಪಟ್ಟಿ ತೆರೆದೆ. ಅಜ್ಜನ ಬೇಟೆಯ ಲೆಕ್ಕವೆಲ್ಲ ಅದರಲ್ಲಿತ್ತು. ಪಾರ್ಶ್ವ ಓದಿ ಹೇಳಿದ: ಹಿಡಿದದ್ದು ಮೂವತ್ತೊಂದು, ಕೊಂದದ್ದು ಒಂದೂ ಇಲ್ಲ.

"ಇದನ್ನ ಯಾಕ ಹೇಳಲಿಲ್ಲ ನೀವು?" ಎಂದೆ.

"ಅಜ್ಜ ಆಣಿ ಹಾಕಿಸಿದ್ದ. 'ಹೇಳಿದ್ರ ಆಕಿ ನಂಬೂದಿಲ್ಲ, ಕಣ್ಣೀಲೆ ನೋಡಲಿ, ದೊಡ್ಡದನ್ನ ಹಿಡಿಯೂ ದಿನ ಬಾಜೂಕ ಕುಂದ್ರಿಸ್ಕೊಂಡು ತೋರಸ್ತೀನಿ' ಅಂದಿದ್ದ. ಆಮ್ಯಾಲ ಹೇಳೂಣಂದ್ರ ನೀನ ಆ ಮಾತು ಬಂದ್ರ ಎದ್ದು ಹೋಗ್ತಿದ್ದಿ."

ಹೌದು, ಎದ್ದುಹೋಗುತ್ತಿದ್ದೆ. ರವಿವಾರವೂ ಎದ್ದುಹೋದೆ. ಹಿತ್ತಲಲ್ಲಿ ಕೊಟ್ಟಿಗೆಯ ಮಾಡಿನ ಕೆಳಗೆ ನಿಂತಾಗ ತಿಳಿಯಿತು. ಅಲ್ಲಿಂದ ಪಡಸಾಲೆಗೆ ಹದಿನೈದು ಹೆಜ್ಜೆ. ಆ ಮಳೆಗಾಲದಲ್ಲಿ ಒಂದು ದಿನ ಆ ಹದಿನೈದು ಹೆಜ್ಜೆ ಹಿಂದಕ್ಕೆ ಬಂದು ಟಿವಿಯ ಕಡೆ ನೋಡಿದ್ದರೆ ಸಾಕಿತ್ತು. ನಾನು ಯಾವ ಪಾಪಕ್ಕೆ ಹೆದರಿದ್ದೆನೋ, ಅದನ್ನು ಅವರು ನನಗಿಂತ ಮೊದಲೇ ಯೋಚಿಸಿ, ಗುಣ ಕಡಿಮೆಯ ಕವಚ ತೊಟ್ಟು, ಪೆಟ್ಟು ತಿನ್ನುತ್ತ, ನನ್ನ ಧರ್ಮವನ್ನು ಆಟದಲ್ಲಿಯೂ ಕಾಯುತ್ತಿದ್ದರು.

ಸಮೀಕ್ಷಾ, ಆ ದೊಡ್ಡ ಪ್ರಾಣಿಯನ್ನು ಈಗ ನಾವೇ ಹಿಡಿಯೋಣವೇ ಎಂದು ನೀನು ಕೇಳಿದ್ದೆ. ಬೇಡ. ಅದು ಅಲ್ಲಿಯೇ ಇರಲಿ. ಯಂತ್ರದೊಳಗಿನದನ್ನು ಅಳಿಸಬೇಡಿರಿ, ಹರಳು ಬದಲಿಸಬೇಡಿರಿ. ಹೇಗಿತ್ತೋ ಹಾಗೆ ಇರಲಿ ಎಂದು ಅವರೇ ಹೇಳಿದ್ದಾರೆ.

ಈ ಹಾಳೆಗಳನ್ನು ಅದೇ ರಟ್ಟಿನ ಪೆಟ್ಟಿಗೆಯಲ್ಲಿ, ರಿಮೋಟಿನ ಕೆಳಗೆ ಇಡಿರಿ. ಮಾಳಿಗೆ ಸೋರುತ್ತದೆ, ಮಳೆಗಾಲದಲ್ಲಿ ಕೆಳಗೆ ಇಳಿಸಿ ನಿಮ್ಮ ಅಪ್ಪನ ಕಪಾಟಿನಲ್ಲಿ ಇಡುವುದನ್ನು ಪಾರ್ಶ್ವ ನೋಡಿಕೊಳ್ಳಲಿ. ಹಾಳೆಗಳಿಗೆ ಎಣ್ಣೆ ಹತ್ತಿದರೆ ಹತ್ತಲಿ. ರಿಮೋಟನ್ನು ಮಾತ್ರ ಒರೆಸಬೇಡಿರಿ.

ನಿಮ್ಮ
ಆಯಿ